ಹಳೆಯ ಎಂಜಿನ್ನಿನ ಒಳಗನ್ನು ತೊಳೆಸಬೇಕೆ?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೃಷಿ ವಿಜ್ಞಾನ ಓದಿದವರಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಮಲೆನಾಡಿನಲ್ಲಿ ಹಳೆಯ ಜೀಪು, ಓಮ್ನಿ, ಮಾರುತಿ 800 ಇನ್ನೂ ಓಡುತ್ತಿವೆ. ಅವುಗಳಿಂದ ಬಸಿದ ಆಯಿಲ್ ಕೊನೆಗೆ ಸೇರುವುದು ನಮ್ಮ ಮಣ್ಣನ್ನು, ನಮ್ಮ ಹಳ್ಳವನ್ನು. ಆದ್ದರಿಂದ ಈ ಮಾತು.

ಸರ್ವೀಸಿಗೆ ಹೋದಾಗ ‘ಗಾಡಿ ಹಳತಾಯಿತು, ಒಮ್ಮೆ ಎಂಜಿನ್ ಫ್ಲಶ್ ಮಾಡಿಸಿಬಿಡಿ’ ಎನ್ನುತ್ತಾರೆ. ತೆಳುವಾದ ದ್ರಾವಕವನ್ನೋ ಸೀಮೆಎಣ್ಣೆಯನ್ನೋ ಹಳೆಯ ಆಯಿಲ್‌ಗೆ ಬೆರೆಸಿ, ಎಂಜಿನ್ನನ್ನು ಕೆಲವು ನಿಮಿಷ ನಿಂತಲ್ಲೇ ಓಡಿಸಿ ಬಸಿಯುವುದೇ ಈ ಚಿಕಿತ್ಸೆ.

ನಾನೂ ಮಾಡಿಸಿದ್ದೆ. ಪೂರ್ವಚರಿತ್ರೆ ತಿಳಿಯದ ಹಳೆಯ ಡೀಸೆಲ್ ಜೀಪೊಂದನ್ನು ಕೊಂಡು, ಶುಚಿಯಾಗಲಿ ಎಂದು ಸೀಮೆಎಣ್ಣೆಯಿಂದ ತೊಳೆಸಿದೆ. ಮೂರನೆಯ ದಿನ ಘಾಟಿ ಹತ್ತುವಾಗ ಆಯಿಲ್‌ನ ಕೆಂಪು ದೀಪ ಹೊತ್ತಿತು. ಮೇಲಿನ ತಿರುವಿನವರೆಗೆ ಹೋಗೋಣ ಎಂದುಕೊಂಡದ್ದೇ ತಪ್ಪಾಯಿತು. ಚೇಂಬರ್ ಬಿಚ್ಚಿ ನೋಡಿದರೆ, ಕಳಚಿಬಂದ ಕೆಸರಿನ ಹೆಂಟೆಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದ್ದವು, ಬೇರಿಂಗುಗಳು ಹೋಗಿದ್ದವು. ಆ ವರ್ಷದ ಅಡಿಕೆಯ ಹಣದಲ್ಲಿ ಒಂದು ಪಾಲು ಅಲ್ಲಿಗೇ ಸಂದಿತು.

ಈ ಅನುಭವದಿಂದ ತಿಳಿದದ್ದಿಷ್ಟು: ಚೆನ್ನಾಗಿ ನೋಡಿಕೊಂಡ ಎಂಜಿನ್ನಿಗೆ ಈ ಚಿಕಿತ್ಸೆ ಬೇಕಿಲ್ಲ, ಅಲಕ್ಷ್ಯಕ್ಕೊಳಗಾದ ಎಂಜಿನ್ನಿಗೆ ಇದೇ ಅಪಾಯ. ಒಳ್ಳೆಯ ಆಯಿಲ್‌ನಲ್ಲಿ ಕೊಳೆಯನ್ನು ಕರಗಿಸುವ ಮತ್ತು ಕಣಕಣವಾಗಿ ತೇಲಿಸಿಡುವ ರಾಸಾಯನಿಕಗಳು ಮೊದಲೇ ಇರುತ್ತವೆ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಅದು ಮಸಿಯನ್ನು ಹೊತ್ತುಕೊಂಡಿರುವುದರಿಂದ. ಕಪ್ಪು ಬಣ್ಣವೊಂದೇ ರೋಗಲಕ್ಷಣವಲ್ಲ.

ಹಾಗಾದರೆ ನಿರ್ಧರಿಸುವುದು ಹೇಗೆ? ಮಣ್ಣು ಪರೀಕ್ಷಿಸದೆ ತೋಟಕ್ಕೆ ಸುಣ್ಣ ಹಾಕಬಾರದೆನ್ನುತ್ತೇವೆ. ಇಲ್ಲಿಯೂ ಅದೇ ನಿಯಮ. ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಸಂಶಯವಿದ್ದರೆ ಟ್ಯಾಪೆಟ್ ಕವರ್ ಬಿಚ್ಚಿಸಿ. ಲೋಹದ ಮೇಲೆ ಜೇನುಬಣ್ಣದ ತೆಳುಪೊರೆಯಷ್ಟೇ ಇದ್ದರೆ ಏನೂ ಮಾಡಬೇಕಾಗಿಲ್ಲ. ಡಾಂಬರಿನಂತೆ ದಪ್ಪಗೆ ಕಟ್ಟಿದ್ದರೆ ಫ್ಲಶ್ ಬೇಡ. ಚೇಂಬರ್ ಇಳಿಸಿ, ಜಾಲರಿಯನ್ನೂ ತೆಗೆದು ಕೈಯಿಂದಲೇ ಶುಚಿಮಾಡಿಸಬೇಕು. ಇವೆರಡರ ನಡುವಿನ ಸ್ಥಿತಿಯಿದ್ದರೆ, ಒಂದೆರಡು ಸಲ ಅರ್ಧ ಅವಧಿಗೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ; ಕೊಳೆ ಮೆಲ್ಲಗೆ ಕರಗುತ್ತದೆ.

ಮಳೆಗಾಲದಲ್ಲಿ ಮುಚ್ಚಳದಡಿ ಮಜ್ಜಿಗೆಯಂಥ ನೊರೆ ಕಂಡರೆ ಗಾಬರಿ ಬೇಡ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಎಂದು ಸ್ವಲ್ಪ ದೂರವಷ್ಟೇ ಓಡುವ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಒಳಗಿನ ತೇವ ಹಾಗೆಯೇ ಉಳಿಯುತ್ತದೆ. ಒಮ್ಮೆ ದೂರ ಓಡಿಸಿದರೆ ಆರುತ್ತದೆ. ಆದರೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಅದನ್ನು ಯಾವ ಫ್ಲಶ್ಶೂ ಸರಿಪಡಿಸದು.

ಇನ್ನು, ಬಸಿದ ಆಯಿಲ್‌ನ ಮಾತು. ಅದರಲ್ಲಿ ಸವೆದ ಲೋಹದ ಕಣಗಳೂ ಇಂಧನ ಉರಿದ ಶೇಷವೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ನಾವಾದರೋ ಗೆದ್ದಲಿಗೆಂದು ಬೇಲಿಗೂಟಗಳಿಗೆ ಬಳಿಯುತ್ತೇವೆ, ಮಿಕ್ಕದ್ದನ್ನು ಚರಂಡಿಗೆ ಸುರಿಯುತ್ತೇವೆ. ನಮ್ಮ ಚರಂಡಿ ಹಳ್ಳಕ್ಕೆ, ಹಳ್ಳ ತುಂಗೆಗೋ ಶರಾವತಿಗೋ ಸೇರುತ್ತದೆ. ಬೇಡದ ಪ್ರತಿಯೊಂದು ಫ್ಲಶ್ಶೂ ಈ ಕೊಳೆಗೆ ಇನ್ನಷ್ಟು ಸೇರಿಸುತ್ತದೆ.

ಆದ್ದರಿಂದ ನನ್ನ ವಿನಂತಿ ಎರಡೇ. ಘಾಟಿ ಹತ್ತುವ, ಧೂಳಿನಲ್ಲಿ ಓಡುವ ಗಾಡಿಗೆ ಕಂಪನಿಯ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಹೇಳಿದ ಅವಧಿಯಲ್ಲೇ ಆಯಿಲ್ ಬದಲಿಸಿ. ಬಸಿದದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮರುಬಳಕೆ ಘಟಕಕ್ಕೆ ಕಳಿಸುವ ಗ್ಯಾರೇಜಿಗೇ ಒಪ್ಪಿಸಿ. ಹೀಗೆ ಮಾಡಿದರೆ ಎಂಜಿನ್ನೂ ಬಾಳುತ್ತದೆ, ಹಳ್ಳವೂ ಉಳಿಯುತ್ತದೆ.