ಥೈರಾಯಿಡ್ ರಸಕ್ಕೆ ಓಗೊಡದ ದೇಹ



'ಹಾರ್ಮೋನು' ಎಂಬ ಶಬ್ದವು ಇಂದು ಮನೆಮಾತಾಗಿದೆ. ಇದನ್ನು ೧೯೦೫ರಲ್ಲಿ ಬಳಕೆಗೆ ತಂದವನು ಸ್ಟಾರ್ಲಿಂಗ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞ. ಪ್ರಚೋದಿಸು, ಎಬ್ಬಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಅದು ಹುಟ್ಟಿದೆ. ಎಬ್ಬಿಸುವವನು ಕೂಗಿದರೆ ಸಾಲದು, ಮಲಗಿದವನಿಗೆ ಅದು ಕೇಳಿಸಲೂ ಬೇಕು. ಕೂಗು ಜೋರಾಗಿಯೇ ಇದ್ದು, ಕೇಳುವ ಕಡೆಯಲ್ಲಿ ಕಿವುಡಿದ್ದರೆ ಏನಾಗುತ್ತದೆಂಬುದೇ ಈ ಮಾತುಗಳ ವಿಷಯ. ಇದು ತೀರ ಅಪರೂಪದ ವ್ಯಾಧಿ. ಸುಮಾರು ನಾಲ್ವತ್ತು ಸಾವಿರ ಜನನಗಳಿಗೆ ಒಂದರಂತೆ ಕಾಣುತ್ತದೆಂದು ವೈದ್ಯರ ಅಂದಾಜು. ಹಾಗಿದ್ದೂ ಇದನ್ನು ತಿಳಿದಿರಬೇಕಾದ್ದೇಕೆಂದರೆ, ಗುರುತಿಸದೆ ಮಾಡಿದ ಚಿಕಿತ್ಸೆಯು ಇಲ್ಲಿ ರೋಗಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

ಕೊರಳಿನ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿಗೆ ಗುರಾಣಿಯ ಆಕಾರದಿಂದ ಆ ಹೆಸರು ಬಂದಿತು. ಅದು ಬಾತುಕೊಂಡಾಗ ಸುಶ್ರುತನ ಕಾಲದಿಂದಲೂ ನಾವು ಅದನ್ನು ಗಳಗಂಡವೆನ್ನುತ್ತೇವೆ. (ವರದೆಯು ತುಂಗಭದ್ರೆಯನ್ನು ಕೂಡುವ ನಮ್ಮ ಗಳಗನಾಥಕ್ಕೂ ಈ ಗಳಗಂಡಕ್ಕೂ ನಂಟಿಲ್ಲವೆಂದು ಪ್ರತಿ ವರ್ಷವೂ ಒಬ್ಬನಾದರೂ ವಿದ್ಯಾರ್ಥಿಗೆ ಹೇಳಬೇಕಾಗುತ್ತದೆ!) ಗಳಗಂಡಕ್ಕೆ ಬಹುಮಟ್ಟಿಗೆ ಕಾರಣ ಆಹಾರದಲ್ಲಿ ಅಯೋಡಿನ್ನಿನ ಕೊರತೆ. ನಮ್ಮಲ್ಲಿ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಅದಕ್ಕೆ ಹೆಸರಾದವು. ೧೯೫೬ರಿಂದ ಕಾಂಗಡಾ ಕಣಿವೆಯಲ್ಲಿ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ನಡೆಸಿದ ಪ್ರಯೋಗವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಅದನ್ನು ತಡೆಯಬಹುದೆಂದು ತೋರಿಸಿತು. ೧೯೬೨ರಲ್ಲಿ ರಾಷ್ಟ್ರೀಯ ಯೋಜನೆಯೂ ಬಂದಿತು. ಆದರೆ ನಾನು ಹೇಳಹೊರಟ ಗಳಗಂಡವು ಉಪ್ಪಿನಿಂದ ಮಾಯುವುದಲ್ಲ.

ಗ್ರಂಥಿಯು ಎಷ್ಟು ರಸವನ್ನು ಸ್ರವಿಸಬೇಕೆಂಬುದನ್ನು ಗೊತ್ತುಮಾಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿ. ಕೆರೆಯ ನೀರಗಂಟಿಯನ್ನು ನೆನೆಯಿರಿ. ಗದ್ದೆ ತುಂಬಿತೆಂದು ಕಂಡರೆ ಆತ ತೂಬನ್ನು ಮುಚ್ಚುತ್ತಾನೆ, ಒಣಗಿತೆಂದು ಕಂಡರೆ ತೆರೆಯುತ್ತಾನೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ-ತ್ರೀ, ಟಿ-ಫೋರ್ ಎಂದು ಬರೆದಿರುವುದು ನೀರಿನ ಲೆಕ್ಕ, ಟಿ.ಎಸ್.ಎಚ್. ಎಂದು ಬರೆದಿರುವುದು ನೀರಗಂಟಿಯ ಕೈಯ ಲೆಕ್ಕ. ಗ್ರಂಥಿಯು ತಾನೇ ಹುಚ್ಚೆದ್ದು ಹೆಚ್ಚು ರಸವನ್ನು ಸುರಿಸುವ ಸಾಮಾನ್ಯ ವ್ಯಾಧಿಯಲ್ಲಿ ಮೊದಲಿನವೆರಡೂ ಏರುತ್ತವೆ, ಟಿ.ಎಸ್.ಎಚ್. ಮಾತ್ರ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನೀರಗಂಟಿ ತೂಬು ಮುಚ್ಚಿದ್ದಾನೆ, ನೀರು ಬೇರೆಲ್ಲಿಂದಲೋ ಬರುತ್ತಿದೆ. ಆದರೆ ನಮ್ಮ ಅಪರೂಪದ ವ್ಯಾಧಿಯಲ್ಲಿ ನೀರೂ ಹೆಚ್ಚು, ತೂಬೂ ತೆರೆದಿದೆ! ಟಿ.ಎಸ್.ಎಚ್. ಇಳಿಯದೆ ಮಾಮೂಲು ಮಟ್ಟದಲ್ಲೋ ತುಸು ಮೇಲೋ ನಿಂತಿರುತ್ತದೆ. ಗದ್ದೆ ತುಂಬಿದ್ದೇ ನೀರಗಂಟಿಯ ಕಣ್ಣಿಗೆ ಬಿದ್ದಿಲ್ಲ.

ಇದನ್ನು ಮೊದಲು ವರ್ಣಿಸಿದವರು ಅಮೆರಿಕೆಯ ಸ್ಯಾಮ್ಯುಯಲ್ ರೆಫೆಟಾಫ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು, ೧೯೬೭ರಲ್ಲಿ. ಒಂದೇ ಮನೆಯ ಒಡಹುಟ್ಟಿದ ಮಕ್ಕಳು: ಕಿವಿ ಕೇಳದು, ಮಾತು ಬಾರದು, ಕೊರಳಲ್ಲಿ ಬಾವು, ಎಲುಬಿನ ಬೆಳವಣಿಗೆ ಹಿಂದೆ. ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತಿದ್ದರೂ ಅದರ ಅತಿರೇಕದ ಲಕ್ಷಣಗಳು ಕಾಣಲಿಲ್ಲ. ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರು. ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕದ ಜೀನು ಆ ಮಕ್ಕಳಲ್ಲಿ ಇರಲೇ ಇಲ್ಲವೆಂಬುದು ಬಹುಕಾಲದ ಮೇಲೆ ತಿಳಿಯಿತು. ಸೋದರಮಾವನಿಗೆ ಮಗಳನ್ನು ಕೊಡುವ ರೂಢಿ ಬಿಡದ ನಮ್ಮ ಸೀಮೆಯವರು ಈ ಸಂಗತಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಆದರೆ ಆ ಬಗೆಯು ವಿರಳದಲ್ಲಿ ವಿರಳ. ಸಾಮಾನ್ಯವಾಗಿ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದೇ ದೋಷಯುಕ್ತ ಪ್ರತಿ ಸಾಕು; ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಕೆಲವೊಮ್ಮೆ ಮನೆತನದಲ್ಲಿ ಹಿಂದೆಂದೂ ಇಲ್ಲದೆ ಹೊಸದಾಗಿಯೂ ಹುಟ್ಟುತ್ತದೆ.

ವಿಚಿತ್ರವೆಂದರೆ ದೇಹದ ಎಲ್ಲ ಅಂಗಗಳೂ ಸಮನಾಗಿ ಕಿವುಡಾಗುವುದಿಲ್ಲ. ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಜಾತಿ. ಕೆಡುವುದು ಬೀಟಾ. ಪಿಟ್ಯುಟರಿ ಮತ್ತು ಯಕೃತ್ತುಗಳಲ್ಲಿ ಅದೇ ಪ್ರಧಾನ. ಹೃದಯದಲ್ಲಿ ಆಲ್ಫಾ ಪ್ರಧಾನ. ಆದುದರಿಂದ ಅತ್ತ ಪಿಟ್ಯುಟರಿಯು ಸಾಲದು ಸಾಲದೆಂದು ಕೇಳುತ್ತಿರುವಾಗ ಇತ್ತ ಎದೆಯು ಹೆಚ್ಚಾಯಿತೆಂದು ಡವಗುಟ್ಟುತ್ತದೆ. ಕೊರಳಲ್ಲಿ ಬಾವು, ನಾಡಿಯ ವೇಗ, ಮಕ್ಕಳಲ್ಲಿ ಕುಳಿತಲ್ಲಿ ಕೂಡ್ರದ ಚಂಚಲತೆ, ಗಮನ ನಿಲ್ಲದಿರುವುದು, ಕೆಲವರಲ್ಲಿ ಕಿವಿ ಮಂದ: ಇವು ಮುಖ್ಯ ಲಕ್ಷಣಗಳು. ಮತ್ತೆ ಕೆಲವರಿಗೆ ಏನೂ ತೊಂದರೆಯೇ ಇರದು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಒಂದು ಮಾತು ಹೇಳಲು ಅಧಿಕಾರವಿದೆ: ಪುಂಡನೆಂದು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಹುಡುಗನ ಕೊರಳನ್ನೂ ಕಿವಿಯನ್ನೂ ಒಮ್ಮೆ ನೋಡುವುದು ಮೇಷ್ಟರ ಕೆಲಸವೇ ಆಗಿದೆ.

ಇನ್ನು ಅಪಾಯದ ಮಾತು. ನಮ್ಮ ಅಗಡಿಯವರು ಹಾವೇರಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಚೀಟಿಯಲ್ಲಿ ದಪ್ಪಕ್ಷರದ ಅಂಕಿಯೊಂದು ಕಂಡರೆ ಸಾಕು, ಔಷಧದ ಅಂಗಡಿಯಲ್ಲೇ ವೈದ್ಯ ಮುಗಿದುಹೋಗುತ್ತದೆ. ಟಿ-ಫೋರ್ ಹೆಚ್ಚೆಂದು ಗ್ರಂಥಿಯನ್ನು ಅಡಗಿಸುವ ಗುಳಿಗೆ ಕೊಟ್ಟರೆ ಈ ರೋಗಿಗಳಲ್ಲಿ ಪಿಟ್ಯುಟರಿಯು ಇನ್ನಷ್ಟು ಕೂಗುತ್ತದೆ, ಬಾವು ಇನ್ನಷ್ಟು ದೊಡ್ಡದಾಗುತ್ತದೆ. ಶಸ್ತ್ರಕ್ರಿಯೆಯಿಂದ ಅರ್ಧ ತೆಗೆದರೆ ಉಳಿದರ್ಧ ಮತ್ತೆ ಬೆಳೆಯುತ್ತದೆ. ಪೂರ್ತಿ ತೆಗೆದರೆ, ಅಥವಾ ವಿಕಿರಣದ ಅಯೋಡಿನ್ನಿನಿಂದ ಸುಟ್ಟರೆ, ಮಾಮೂಲಿಗಿಂತ ಬಹು ದೊಡ್ಡ ಪ್ರಮಾಣದ ಹಾರ್ಮೋನನ್ನು ಜನ್ಮವಿಡೀ ನುಂಗಬೇಕು. ದೇಹವು ತನ್ನ ಕಿವುಡಿಗೆ ತಾನೇ ಕಂಡುಕೊಂಡಿದ್ದ ಉಪಾಯವನ್ನು ನಾವು ಕಿತ್ತುಹಾಕಿದಂತಾಯಿತು.

ಆದುದರಿಂದ ಪರೀಕ್ಷೆಯ ಕ್ರಮ ತಾಳ್ಮೆಯದು. ಮೂರೂ ಅಂಕಿಗಳನ್ನು ಒಟ್ಟಿಗೆ ನೋಡಬೇಕು. ವಿಪರೀತ ಕಂಡರೆ ಬೇರೆ ವಿಧಾನದ ಇನ್ನೊಂದು ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ಮಾಡಿಸಬೇಕು. ಕೂದಲಿಗೆಂದು ನುಂಗುವ ಬಯೋಟಿನ್ ಗುಳಿಗೆಗಳು, ಹೃದಯಕ್ಕೆ ಕೊಡುವ ಅಮಿಯೊಡರೋನ್ ಮುಂತಾದವು ಲೆಕ್ಕವನ್ನು ತಪ್ಪಿಸಬಲ್ಲವು; ವೈದ್ಯರಿಗೆ ಮುಚ್ಚಿಡಬಾರದು. ಪಿಟ್ಯುಟರಿಯಲ್ಲೇ ಟಿ.ಎಸ್.ಎಚ್. ಸುರಿಸುವ ಗಂಟು ಬೆಳೆದಾಗಲೂ ಅಂಕಿಗಳು ಹೀಗೆಯೇ ಬರುತ್ತವೆ. ಅದರ ಚಿಕಿತ್ಸೆಯೇ ಬೇರೆ, ಆದ್ದರಿಂದ ಎಂ.ಆರ್.ಐ. ಚಿತ್ರ ಬೇಕಾಗುತ್ತದೆ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಮಾತ್ರ ಮನೆಯಲ್ಲೇ ಇದೆ: ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರ ರಕ್ತ. ಅವರಲ್ಲೊಬ್ಬರಿಗೂ ಇದೇ ರೀತಿ ಬಂದರೆ ಗಂಟಿನ ಸಂಶಯ ದೂರವಾಗುತ್ತದೆ. ಕೊನೆಯ ನಿರ್ಣಯ ಜೀನಿನ ಪರೀಕ್ಷೆಯದು.

ಚಿಕಿತ್ಸೆ? ಬಹುಪಾಲು ಜನರಿಗೆ ಏನೂ ಬೇಡ. 'ಏನೂ ಬೇಡ' ಎಂದ ವೈದ್ಯನಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ, ಆದರೆ ಇಲ್ಲಿ ಅವನೇ ಬಲ್ಲವನು. ಎದೆಬಡಿತ ಕಾಡಿದರೆ ಪ್ರೊಪ್ರನೊಲಾಲ್, ಅಟೆನೊಲಾಲ್‌ಗಳಂಥ ಔಷಧಗಳುಂಟು. ಆಯ್ದ ಕೆಲವರಿಗೆ ತಜ್ಞರು ಟ್ರಯಾಕ್ ಎಂಬುದನ್ನು ಕೊಡುತ್ತಾರೆ. ಬಸುರಿಯರಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಒಂದು ದೊಡ್ಡ ಮನೆತನವನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಂತೆ, ಈ ದೋಷವಿದ್ದ ತಾಯಂದಿರಲ್ಲಿ ಗರ್ಭಪಾತಗಳು ಹೆಚ್ಚಾಗಿದ್ದವು. ದೋಷವಿಲ್ಲದೆ ಹುಟ್ಟಿದ ಅವರ ಕೂಸುಗಳ ತೂಕ ಕಡಿಮೆಯಿತ್ತು. ತಾಯಿಗೆ ತಕ್ಕದ್ದಾದ ಪ್ರಮಾಣ ಕೂಸಿಗೆ ಅತಿಯಾಗುತ್ತದೆ.

ಇದನ್ನೋದಿ ಯಾರೂ ತಾವು ದಿನವೂ ಬೆಳಿಗ್ಗೆ ನುಂಗುವ ಥೈರಾಕ್ಸಿನ್ ಗುಳಿಗೆಯನ್ನು ಬಿಟ್ಟುಬಿಡಬೇಡಿರಿ. ಅದು ರಸ ಸಾಲದವರಿಗೆ. ಅವರ ಕಥೆಯೇ ಬೇರೆ. ಈ ವ್ಯಾಧಿಯೆಂದು ನಿರ್ಣಯವಾದವರು ಮಾತ್ರ ಅದನ್ನು ಒಂದು ಕಾಗದದಲ್ಲಿ ಬರೆಸಿಕೊಂಡು, ಯಾವ ಊರಿನ ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಅದನ್ನು ತೋರಿಸತಕ್ಕದ್ದು. ಮಗುವಾಗಿದ್ದರೆ ಆಗಾಗ್ಗೆ ಎತ್ತರ, ತೂಕ, ನಾಡಿ, ಕಿವಿ ಇವನ್ನು ನೋಡಿಸುತ್ತಿರಬೇಕು. ಶಾಲೆಯಲ್ಲಿ ಅದಕ್ಕೆ ಮುಂದಿನ ಸಾಲಿನ ಜಾಗವನ್ನು ಕೇಳಿಕೊಳ್ಳಿರಿ, ಕೊಡದ ಮೇಷ್ಟರಿಲ್ಲ.