ಹಕ್ಕಿಯ ಚಿತ್ರ: ಕುಂಚದಿಂದ ಕ್ಯಾಮರಾಕ್ಕೆ

(ವಿಜಯವಾಡದ ಪಟಮಟದಲ್ಲಿ ಹೋಟೆಲು ಕೆಲಸದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ದುಡಿಮೆಗಾರರ ಸಭೆಯಲ್ಲಿ ಹಕ್ಕಿಯ ಚಿತ್ರದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಸಂಬಳ, ಬೋನಸ್ಸು, ಪಾಳಿಗಳ ವಿಷಯ ನಮ್ಮ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಬರಲೂ ಬೇಕು. ಆದರೆ ವಾರಕ್ಕೊಂದು ರಜೆ ಬೇಕೆಂದು ಹೋರಾಡಿ ಪಡೆದ ನಾವು ಆ ರಜೆಯ ದಿನ ಏನು ಮಾಡುತ್ತೇವೆಂಬುದೂ ಯೋಚಿಸತಕ್ಕ ವಿಷಯವೇ. ಮೇಲಾಗಿ, ಈ ಪಟಮಟದಿಂದ ಕೊಲ್ಲೇರು ಸರೋವರ ಬಹಳ ದೂರವಿಲ್ಲ. ಈಗ ಮಾಣಿಯಿಂದ ಗಲ್ಲಾದವರ ತನಕ ಎಲ್ಲರ ಜೇಬಿನಲ್ಲಿಯೂ ಮೊಬೈಲು ಇದೆ, ಅದರೊಳಗೆ ಕ್ಯಾಮರಾ ಇದೆ. ಆದುದರಿಂದ ಹಕ್ಕಿಯ ಚಿತ್ರ ಬರೆಯುತ್ತಿದ್ದ ಕೈ ಹಕ್ಕಿಯ ಛಾಯಾಚಿತ್ರ ತೆಗೆಯಲು ಹೊರಟರೆ ಏನು ಲಾಭ, ಏನು ಅಪಾಯ ಎಂಬುದನ್ನು ತಮ್ಮ ಮುಂದಿಡುತ್ತೇವೆ.

ಇಂಥ ಒಬ್ಬರು ನಮ್ಮ ಕನ್ನಡ ಸೀಮೆಯಲ್ಲಿಯೇ ಏಳು ವರ್ಷ ಇದ್ದರು. ಅವರು ಎಂ. ಕೃಷ್ಣನ್. ಹುಟ್ಟಿದ್ದು 1912ರಲ್ಲಿ ತಿರುನೆಲ್ವೇಲಿಯಲ್ಲಿ. ತಂದೆ ತಮಿಳಿನ ಹೆಸರಾಂತ ಕಾದಂಬರಿಕಾರ ಮಾಧವಯ್ಯ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಫೈಸನ್ ಎಂಬ ಅಧ್ಯಾಪಕರೊಡನೆ ನೀಲಗಿರಿ, ಕೊಡೈಕಾನಲ್ ಬೆಟ್ಟಗಳನ್ನು ಸುತ್ತಿದರು. ನೀರುಬಣ್ಣದಲ್ಲಿ ಚಿತ್ರ ಬರೆಯುವುದನ್ನು ಆ ಅಧ್ಯಾಪಕರ ಪತ್ನಿಯಿಂದ ಕಲಿತರು. ಆ ಮೇಲೆ ಕಾನೂನನ್ನೂ ಓದಿದರು, ಪತ್ರಿಕೆಗಳಿಗೆ ಚಿತ್ರ, ವ್ಯಂಗ್ಯಚಿತ್ರ ಬರೆದುಕೊಟ್ಟು ನಾಲ್ಕು ಕಾಸು ಸಂಪಾದಿಸಿದರು. 1942ರಲ್ಲಿ ಬಳ್ಳಾರಿಯ ಬಳಿಯ ಸಂಡೂರು ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರು ಮಾಡದ ಕೆಲಸವಿಲ್ಲ: ಶಾಲೆಯ ಮೇಷ್ಟರು, ನ್ಯಾಯಾಧೀಶರು, ಪ್ರಚಾರಾಧಿಕಾರಿ, ಮಹಾರಾಜರ ಕಾರ್ಯದರ್ಶಿ. ನಡುವೆ ಕುರಿ ಮೇಯಿಸಿ ನೋಡಿದರು, ಅಂಚೆಗಾಗಿ ಪಾರಿವಾಳ ಸಾಕಿದರು. ಒಂದೇ ಹೋಟೆಲಿನಲ್ಲಿ ಕ್ಲೀನರಾಗಿ ಸೇರಿ ಸಪ್ಲಾಯರ್, ಅಡಿಗೆಯವ, ಗಲ್ಲಾದವ ಎಲ್ಲವೂ ಆದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ; ಅವರಿಗೆ ಇದು ವಿಚಿತ್ರವಾಗಿ ಕಾಣಲಾರದು.

1949ರಲ್ಲಿ ಸಂಸ್ಥಾನ ವಿಲೀನವಾಯಿತು. ಕೃಷ್ಣನ್ ಅವರು ಮದರಾಸಿಗೆ ಹಿಂತಿರುಗಿ, ನೌಕರಿಯ ಹಂಗು ಬೇಡವೆಂದು ಬರವಣಿಗೆಯಿಂದಲೂ ಚಿತ್ರಗಳಿಂದಲೂ ಬದುಕಲು ನಿರ್ಧರಿಸಿದರು. 1950ರಲ್ಲಿ ಕಲಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಆರಂಭಿಸಿದ ಅಂಕಣವನ್ನು 1996ರಲ್ಲಿ ತೀರಿಕೊಳ್ಳುವ ತನಕ ಬರೆದರು. ಅಂದರೆ 46 ವರ್ಷ! ಲೇಖನಕ್ಕೆ ಬೇಕಾದ ಹಕ್ಕಿ, ಅಳಿಲು, ಓತಿಕ್ಯಾತಗಳ ರೇಖಾಚಿತ್ರಗಳನ್ನು ತಾವೇ ಬರೆಯುತ್ತಿದ್ದರು. ಜೊತೆಗೇ ಕ್ಯಾಮರಾ ಹಿಡಿದು ಕಾಡು ಹೊಕ್ಕರು.

ಆ ಕ್ಯಾಮರಾದ ಕಥೆ ಕೇಳತಕ್ಕದ್ದು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು. ಒಂದು ಕ್ಯಾಮರಾದ ಡಬ್ಬಿ, ಇನ್ನೊಂದರ ದೂರದ ಮಸೂರ, ಎಲ್ಲೆಲ್ಲಿಯದೋ ಬಿಡಿಭಾಗ, ಎಲ್ಲವನ್ನೂ ಸೇರಿಸಿ ಬಿಗಿದ ಭಾರಿ ಯಂತ್ರ. ಅದಕ್ಕೆ ‘ಸೂಪರ್ ಪಾಂಡರೋಸ’ ಎಂದು ತಾವೇ ತಮಾಷೆಯ ಹೆಸರಿಟ್ಟಿದ್ದರು. ಬಣ್ಣದ ಫಿಲ್ಮು ಎಲ್ಲೆಡೆ ಬಂದ ಮೇಲೂ ಕಪ್ಪುಬಿಳುಪನ್ನು ಬಿಡಲಿಲ್ಲ. ಸರಕಾರ ಪದ್ಮಶ್ರೀ ಕೊಟ್ಟಿತು. ಲಕ್ಷ ರೂಪಾಯಿಯ ಮಸೂರವಿಲ್ಲದೆ ಹಕ್ಕಿಯ ಚಿತ್ರ ಸಾಧ್ಯವೇ ಇಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೈಕೆಲಸ ಬಲ್ಲವನು ಯಂತ್ರ ಹಿಡಿದರೆ ಕೀಳಾದನೇ? ಈ ಪ್ರಶ್ನೆ ಚಿತ್ರಗಾರರಲ್ಲಿ ಮಾತ್ರ ಹುಟ್ಟಿದ್ದಲ್ಲ. ಗಿರಣಿಯಲ್ಲಿ ಸಾಂಚೆಯ ಮುಂದೆ ನಿಂತು ದುಡಿದವರು ನಮ್ಮಲ್ಲಿದ್ದಾರೆ. ನೇಯುವುದು ಯಂತ್ರ, ನಿಜ. ಆದರೆ ಎಳೆ ಕಡಿದದ್ದನ್ನು ಕಂಡವನು ಮನುಷ್ಯ. ರುಬ್ಬುವ ಕಲ್ಲು ಹೋಗಿ ಗ್ರೈಂಡರ್ ಬಂದರೂ ಹಿಟ್ಟಿನ ಹದ ಗೊತ್ತಾಗುವುದು ಅಡಿಗೆಯವನ ಬೆರಳಿಗೇ. ಹಾಗೆಯೇ ಹಕ್ಕಿ ಕೂತಿರುವಾಗ ಭಾರ ಯಾವ ಕಾಲಿನ ಮೇಲಿದೆ, ಹಾರುವ ಮುನ್ನ ಕತ್ತು ಹೇಗೆ ಮುಂದೆ ಬಾಗುತ್ತದೆ ಎಂಬುದನ್ನು ನೂರು ಸಲ ಬರೆದು ತಿಳಿದವನಿಗೆ ಗುಂಡಿ ಒತ್ತಬೇಕಾದ ಕ್ಷಣ ತಾನಾಗಿ ತಿಳಿಯುತ್ತದೆ.

ಕ್ಯಾಮರಾ ಚಿತ್ರಗಾರನಿಗೆ ಮಾಡಿದ ಉಪಕಾರವನ್ನೂ ಹೇಳಬೇಕು. ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕು ಕಾಲನ್ನೂ ಮುಂದಕ್ಕೆ ಹಿಂದಕ್ಕೆ ಚಾಚಿರುತ್ತದೆಂದು ಯುರೋಪಿನ ದೊಡ್ಡ ದೊಡ್ಡ ಕಲಾವಿದರೇ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬವನು ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕು ಕಾಲೂ ನೆಲ ಬಿಡುವುದೇನೋ ನಿಜ, ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತವೆ ಎಂದು ಗೊತ್ತಾಯಿತು. ಇದಕ್ಕಿಂತ ದೊಡ್ಡ ಉಪಕಾರ ಹಕ್ಕಿಗಳಿಗೇ ಆಯಿತು. ಹಿಂದಿನ ಕಾಲದಲ್ಲಿ ಹಕ್ಕಿಯ ಚಿತ್ರವೆಂದರೆ ಮೊದಲು ಬಂದೂಕು. ಅಮೆರಿಕದ ಜಗತ್ಪ್ರಸಿದ್ಧ ಚಿತ್ರಗಾರ ಆಡುಬನ್ ಹಕ್ಕಿಯನ್ನು ಹೊಡೆದು, ತಂತಿಯಿಂದ ಜೀವಂತ ಭಂಗಿಗೆ ನಿಲ್ಲಿಸಿ, ಚಿತ್ರ ಬರೆಯುತ್ತಿದ್ದ. ಸತ್ತ ಹಕ್ಕಿಯ ಕಣ್ಣಿನ, ಕೊಕ್ಕಿನ ಬಣ್ಣ ಬೇಗ ಮಾಸುವುದರಿಂದ ಅವಸರವೂ ಇತ್ತು. ಕ್ಯಾಮರಾ ಬಂದ ಮೇಲೆ ಹಕ್ಕಿ ಹಾರಿ ಹೋದರೂ ಅದರ ರೂಪ ಉಳಿಯಿತು.

ಹಾಗೆಂದು ಕುಂಚದ ಕಾಲ ಮುಗಿಯಲಿಲ್ಲ. ಹಕ್ಕಿಗಳನ್ನು ಗುರುತಿಸುವ ಪುಸ್ತಕಗಳಲ್ಲಿ ಇಂದಿಗೂ ಕೈಯಿಂದ ಬರೆದ ಚಿತ್ರಗಳಿಗೇ ಹೆಚ್ಚಿನ ಮರ್ಯಾದೆ. ಛಾಯಾಚಿತ್ರದಲ್ಲಿರುವುದು ಒಂದು ಹಕ್ಕಿ, ಒಂದು ಗಳಿಗೆ, ಅಂದಿನ ಬಿಸಿಲು. ಚಿತ್ರಗಾರನು ಗಂಡು, ಹೆಣ್ಣು, ಮರಿಗಳನ್ನು ಒಂದೇ ಹಾಳೆಯಲ್ಲಿ ಒಂದೇ ಬೆಳಕಿನಲ್ಲಿ ನಿಲ್ಲಿಸಬಲ್ಲ. ಅಡ್ಡ ಬರುವ ಕೊಂಬೆಯನ್ನು ಬರೆಯದೆ ಬಿಡಬಲ್ಲ.

ನಾವು ಮುಖ್ಯವಾಗಿ ಹೇಳಬಂದದ್ದು ಈ ಕೊಂಬೆಯ ವಿಷಯವನ್ನೇ. ಕಾಗದದ ಮೇಲೆ ಕೊಂಬೆಯನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಕ್ಯಾಮರಾ ಹಿಡಿದವನು ಅದೇ ಅಭ್ಯಾಸದಿಂದ ಗೂಡಿನ ಮುಂದಿನ ಕೊಂಬೆಯನ್ನು ಮರದಲ್ಲಿಯೇ ಮುರಿದರೆ? ಚಿತ್ರ ಸ್ವಚ್ಛವಾಗಿ ಬರುತ್ತದೆ. ಆದರೆ ಆ ಎಲೆಯ ಮರೆಯಲ್ಲಿದ್ದ ಮರಿಯ ಮೇಲೆ ನೇರ ಬಿಸಿಲು ಬೀಳುತ್ತದೆ, ಕಾಗೆಗೆ, ಹಾವಿಗೆ ಗೂಡಿನ ದಾರಿ ತೋರಿಸಿದಂತಾಗುತ್ತದೆ, ಹೆದರಿದ ತಾಯಿ ತಿರುಗಿ ಬಾರದೆ ಇರಲೂ ಸಾಕು. ಹಕ್ಕಿಯನ್ನು ಬಂದೂಕಿನಿಂದ ಬಿಡಿಸಿದ ಯಂತ್ರವೇ ಹೀಗೆ ಮರಿಯನ್ನು ಕೊಲ್ಲುವುದುಂಟು. ಒಂದು ಕಾಲದಲ್ಲಿ ಗೂಡಿನ ಚಿತ್ರಗಳೇ ಹಕ್ಕಿ ಛಾಯಾಗ್ರಹಣದ ಹೆಗ್ಗಳಿಕೆಯಾಗಿದ್ದವು. ಈಗ ಅನೇಕ ಸ್ಪರ್ಧೆಗಳಲ್ಲಿ ಅವನ್ನು ಸ್ವೀಕರಿಸುವುದೇ ಇಲ್ಲ. ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ. ಚಿತ್ರಗಾರನು ಕ್ಯಾಮರಾ ಹಿಡಿದಾಗ ಕಣ್ಣನ್ನೂ ತಾಳ್ಮೆಯನ್ನೂ ಜೊತೆಗೆ ಕೊಂಡೊಯ್ಯಲಿ, ಕೊಂಬೆ ತೆಗೆಯುವ ಸ್ವಾತಂತ್ರ್ಯವನ್ನು ಮಾತ್ರ ಮನೆಯಲ್ಲಿಟ್ಟು ಹೋಗಲಿ.

ಹಕ್ಕಿ ಎಷ್ಟು ಬೇಗ ಊರು ಬಿಡುತ್ತದೆಂಬುದಕ್ಕೆ ಈ ನಾಡಿನಲ್ಲಿಯೇ ಸಾಕ್ಷಿ ಇದೆ. ಪಶ್ಚಿಮ ಗೋದಾವರಿಯ ಆರೇಡು ಎಂಬ ಹಳ್ಳಿಯಲ್ಲಿ ಹೆಜ್ಜಾರ್ಲೆಗಳು ದೊಡ್ಡ ಸಂಖ್ಯೆಯಲ್ಲಿ ಗೂಡು ಕಟ್ಟುವುದನ್ನು 1946ರಲ್ಲಿ ಕಂಡು ಲೋಕಕ್ಕೆ ತಿಳಿಸಿದವರು ಕೇರಳದ ಕೆ.ಕೆ. ನೀಲಕಂಠನ್. ಹೆಜ್ಜಾರ್ಲೆಯೆಂದರೆ ಇಲ್ಲಿಯವರು ಗೂಡಬಾತು ಎನ್ನುವ, ಕೊಕ್ಕಿನಡಿ ಚೀಲ ಕಟ್ಟಿಕೊಂಡ ದೊಡ್ಡ ಹಕ್ಕಿ. ಸುಮಾರು 1970ರ ಹೊತ್ತಿಗೆ ಅವು ಆರೇಡನ್ನು ಬಿಟ್ಟು ಹೋಗಿದ್ದವು. ಇತ್ತ ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅದೇ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳೊಡನೆ, ಮನೆಯಂಗಳದ ಹುಣಸೆಮರಗಳ ಮೇಲೆ ಸಂಸಾರ ಹೂಡುತ್ತ ಬಂದಿವೆ. ಅಲ್ಲಿ ಕಾಪಾಡಿದ್ದು ಬೇಲಿಯಲ್ಲ, ಊರವರ ಸಹನೆ. ಫಸಲಿನ ಹುಣಸೆಹಣ್ಣು ಕೈಬಿಟ್ಟು ಹೋದರೂ ಹಕ್ಕಿಯನ್ನು ಓಡಿಸದ ರೈತರು ಅವರು. ಮರದಡಿಯ ಹಿಕ್ಕೆ ಹೊಲಕ್ಕೆ ಗೊಬ್ಬರ.

ಕೊಲ್ಲೇರಿನ ಕಥೆ ಇಷ್ಟು ಸುಲಭದ್ದಲ್ಲ. ಕೃಷ್ಣಾ ಗೋದಾವರಿಗಳ ನಡುವಣ ಆ ಸಿಹಿನೀರಿನ ಸರೋವರವನ್ನು ಮೀನಿನ ಕೆರೆಗಳು ಆಕ್ರಮಿಸಿದವು. 1999ರಲ್ಲಿ ಅದು ಪಕ್ಷಿಧಾಮವಾಯಿತು, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಸರಕಾರ ಕೆರೆಗಳ ದಂಡೆ ಒಡೆಸಿತು. ಆಗ ಕೆರೆಯ ಕೂಲಿ ನಂಬಿದ್ದವರ ಹೊಟ್ಟೆಯ ಮೇಲೂ ಏಟು ಬಿತ್ತೆಂಬುದನ್ನು ಕಾರ್ಮಿಕರ ಪತ್ರಿಕೆಯವರಾದ ನಾವು ಹೇಳದೆ ಬಿಡಲಾರೆವು. ಹಕ್ಕಿಯ ಪರ ಮಾತಾಡುವವರು ಆ ಜನರ ಲೆಕ್ಕವನ್ನೂ ಕೇಳಬೇಕು.

ನೋಡಬಯಸುವವರು ಕೈಕಲೂರಿನಲ್ಲಿ ಬಸ್ಸಿಳಿದರೆ ಆಟಪಾಕ ಹತ್ತಿರ. ಚಳಿಗಾಲದಲ್ಲಿ ಹೋಗಿ, ಹೆಜ್ಜಾರ್ಲೆಗಳು ಗೂಡಿನಲ್ಲಿರುತ್ತವೆ. ಬೆಳಗಿನ ಪಾಳಿಗೆ ಏಳುವ ಅಭ್ಯಾಸ ನಮಗಿದ್ದೇ ಇದೆ, ಬೆಳಕೂ ಆಗಲೇ ಚೆನ್ನ. ಮೊಬೈಲಿನಲ್ಲಿ ದೂರದ ಹಕ್ಕಿ ಚುಕ್ಕೆಯಾಗಿ ಬೀಳುತ್ತದೆ, ಬೇಸರ ಬೇಡ. ಜೇಬಿನಲ್ಲಿ ಬಿಲ್ಲು ಬರೆಯುವ ಪುಸ್ತಕ, ಪೆನ್ಸಿಲು ಇರಲಿ. ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ, ಕೊಕ್ಕು ಎಷ್ಟುದ್ದ, ಕತ್ತು ಹೇಗೆ ಮಡಿಚಿದೆ ಎಂದು ಗೀಚಿಕೊಳ್ಳಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಹತ್ತಿರ ಹೋಗಲು ದೋಣಿಯವನಿಗೆ ಹೆಚ್ಚು ಹಣದ ಆಸೆ ತೋರಿಸಬೇಡಿ; ಹಕ್ಕಿ ಗೂಡಿನಿಂದ ಎದ್ದು ನಿಂತಿತೆಂದರೆ ದೋಣಿ ಆಗಲೇ ಮಿತಿ ಮೀರಿದೆ. ಬರೆದ ಚಿತ್ರವಾಗಲಿ, ತೆಗೆದ ಚಿತ್ರವಾಗಲಿ, ತಾರೀಕು ಮತ್ತು ಸ್ಥಳ ಬರೆದು ಪತ್ರಿಕೆಗೆ ಕಳಿಸಿದರೆ ಸಂತೋಷದಿಂದ ಅಚ್ಚು ಹಾಕುತ್ತೇವೆ.