ಅನುಮಾನದ ದೇವರು, ಅನುಭಾವದ ದೇವರು



ಗವಿಪುರದ ಗಂಗಾಧರೇಶ್ವರನ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ತಂದೆ ಅದನ್ನು ಪವಾಡವೆನ್ನುತ್ತಾನೆ. ಕಾಲೇಜು ಓದುವ ಮಗ, “ಅಪ್ಪಾ, ಇದು ಬರಿಯ ಸೂರ್ಯನ ಗತಿ” ಎನ್ನುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ.

ಮಗನ ಮಾತು ದಿಟ. ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಸೂರ್ಯನು ಮುಳುಗುವ ಸ್ಥಾನ ದಕ್ಷಿಣೋತ್ತರವಾಗಿ ಸರಿಯುತ್ತದೆ. ದಕ್ಷಿಣಕ್ಕೆ ಹೋಗುವಾಗ ನವೆಂಬರ್ ಕೊನೆಯಲ್ಲಿ, ಮರಳುವಾಗ ಜನವರಿಯ ನಡುವೆ, ಹೀಗೆ ಲಿಂಗದ ಮೇಲೆ ವರ್ಷಕ್ಕೆ ಎರಡು ಸಲ ಬೆಳಕು ಬೀಳುತ್ತದೆ.

ಹಾಗಾದರೆ ಈ ನಿಯಮವೇ ಕರ್ತನನ್ನು ಸಾಧಿಸುವುದೇ? ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನುಂಟೆಂದು ನೈಯಾಯಿಕರು ಅನುಮಾನ ಪ್ರಮಾಣದಿಂದ ವಾದಿಸಿದರು. ಕುಂಬಾರನನ್ನು ಕಂಡಿದ್ದೇವೆ, ಜಗತ್ಕರ್ತನನ್ನು ಕಂಡವರಾರೆಂದು ಮೀಮಾಂಸಕರು ಕೇಳಿದರು. ಶಾಸ್ತ್ರದ ‘ಅನುಮಾನ’ವೆಂದರೆ ತರ್ಕ, ನಮ್ಮ ಆಡುಮಾತಿನಲ್ಲಿ ಸಂಶಯ. ತರ್ಕದಿಂದ ದೊರೆತ ದೇವರು ಸಂಶಯದಿಂದ ಜಾರುವನು.

ಶರಣರು ಜಗತ್ತಿನಿಂದ ಹೊರಗೊಬ್ಬ ಕುಂಬಾರನನ್ನು ಹುಡುಕಲಿಲ್ಲ. ಜಗತ್ತಿನೊಳಗೂ ತಮ್ಮೊಳಗೂ ತುಂಬಿರುವವನನ್ನು ಅನುಭಾವದಲ್ಲಿ ಕಂಡರು. ಬೆಳಕಿನ ದಾರಿಯನ್ನು ವಿಜ್ಞಾನ ತಿಳಿಸಲಿ. ನಮ್ಮ ಶ್ರದ್ಧೆಗೆ ಅದರಿಂದ ಕುಂದಿಲ್ಲ. ಬೆಳಕನ್ನು ಕಾಣುವ ಅರಿವು ಯಾವುದೆಂಬುದನ್ನು ಅಂಗೈಯ ಇಷ್ಟಲಿಂಗದ ಮುಂದೆ ಕುಳಿತು ನೀವೇ ತಿಳಿಯಿರಿ.

ಬರುವ ಸಂಕ್ರಾಂತಿಗೆ ತಂದೆಮಕ್ಕಳು ಕೂಡಿಯೇ ಗವಿಪುರಕ್ಕೆ ಹೋಗಿರಿ. ಲೆಕ್ಕವನ್ನು ಮಗ ಹೇಳಲಿ, ತಂದೆ ಕೇಳಲಿ. ಬೆಳಕು ಬಿದ್ದಾಗ ಇಬ್ಬರೂ ಮೌನವಾಗಿರಲಿ.

ಶಿವನು ಸರ್ವರಿಗೂ ಲೇಸನ್ನುಂಟುಮಾಡಲಿ.